ಹೊಗೆಯ ಬಳಗ

ಭಾನುವಾರದ ಬೆಳಿಗ್ಗೆ ಸರಸ್ವತಿಪುರದ ನಮ್ಮ ಮನೆಯ ಮುಂದೆ ಹಳೆಯ ಮೋಟಾರುಸೈಕಲ್ಲುಗಳ ಸದ್ದು ಕೇಳಿತೆಂದರೆ, ನನ್ನಾಕೆ ಹಗ್ಗದ ಮೇಲಿನ ಬಟ್ಟೆಗಳನ್ನೆಲ್ಲ ಒಳಗೆ ಒಯ್ಯುತ್ತಾಳೆ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಯುವ ಜಾವಾ ಹೊಗೆಯುಗುಳದೆ ಮತ್ತೇನು ಮಾಡೀತು!

ಬರುವವರಲ್ಲಿ ಒಬ್ಬರು ಬುಲೆಟ್ಟಿನ ಒಡೆಯರು. ಇಂಗ್ಲೆಂಡಿನ ರೆಡ್ಡಿಚ್ಚಿನಿಂದ 1955ರಲ್ಲಿ ಮದರಾಸಿಗೆ ಬಂದ ಮನೆತನ ತಮ್ಮ ಗಾಡಿಯದೆಂದು ಅವರಿಗೆ ಬಿಂಕ.

"ಸೊಳ್ಳೆಗೆ ಹೊಗೆಹಾಕಲು ಪಾಲಿಕೆಯವರು ಇನ್ನೂ ನಿಮ್ಮನ್ನು ಕರೆದಿಲ್ಲವೇ, ಮೇಷ್ಟ್ರೇ?"

"ನಿಮ್ಮ ಬುಲೆಟ್ಟು ನಮ್ಮ ಅಂಗಳದಲ್ಲಿಟ್ಟ ಎಣ್ಣೆಯ ರಂಗೋಲಿಯನ್ನು ಮೊದಲು ಒರೆಸಿ, ಸ್ವಾಮಿ."

"ಒದ್ದು ಎಬ್ಬಿಸುವುದಕ್ಕೂ ಗೇರು ಬದಲಿಸುವುದಕ್ಕೂ ಒಂದೇ ಪೆಡಲು! ಒಂದೇ ಚೊಂಬಿನ ಸಂಸಾರ ನಿಮ್ಮದು. ಹೆಸರೋ, ಯಾವುದೋ ದ್ವೀಪದ್ದು."

ದ್ವೀಪವಲ್ಲ, ಯಾನೆಚೆಕ್, ವಾಂಡರರ್ ಎಂಬೆರಡು ಹೆಸರುಗಳ ಮೊದಲ ಭಾಗಗಳು ಕೂಡಿ ಆದ ಜೆಕ್ ಹೆಸರು ಎಂದು ನಾನು ವಿಗ್ರಹವಾಕ್ಯ ಹೇಳಹೊರಟು ಇನ್ನಷ್ಟು ನಗೆಗೀಡಾದೆ. ಕನ್ನಡ ಎಂ.ಎ. ಎಲ್ಲೆಡೆಯೂ ಉಪಯೋಗಕ್ಕೆ ಬರುವುದಿಲ್ಲ.

ಈ ವಾಗ್ಯುದ್ಧದಲ್ಲಿ ಸೇರದವರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ದುಡಿದ ಹಿರಿಯರೊಬ್ಬರೇ. 1960ರ ದಶಕದ ಆರಂಭದಿಂದ ಜಾವಾಗಳನ್ನೂ ಅನಂತರ ಯೆಜ್ದಿಗಳನ್ನೂ ನಾಡಿಗೆ ಕೊಟ್ಟ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅವರು ಇಂದಿಗೂ ಎಂಜಿನ್ನಿಗೆ ಕಿವಿಗೊಟ್ಟು, ವೈದ್ಯರಂತೆ ಒಂದೇ ಮಾತಿನಲ್ಲಿ ರೋಗ ಹೇಳುತ್ತಾರೆ.

ನನ್ನ ಗಾಡಿ ತಂದೆಯವರು 1969ರಲ್ಲಿ ಕೊಂಡದ್ದು. ಅವರು ತೀರಿಕೊಂಡ ಮೇಲೆ ಮೂರು ತಿಂಗಳು ಅದು ಕದಲಲಿಲ್ಲ. "ಕಾಂಟ್ಯಾಕ್ಟ್ ಪಾಯಿಂಟು ಸವೆದಿದೆ" ಎಂದರು ಹಿರಿಯರು. ನಾನು ಕೇಳಿದ ಅಂಗಡಿಗಳಲ್ಲಿ ಒಳ್ಳೆಯದು ಸಿಕ್ಕಲಿಲ್ಲ. ಬೇಸತ್ತು, "ಮಾರಿಬಿಡುತ್ತೇನೆ" ಎಂದೆ. ಯಾರಾದರೂ ಗೇಲಿ ಮಾಡಿಯಾರೆಂದು ಕಾದೆ. ಒಬ್ಬರೂ ತುಟಿ ಎರಡು ಮಾಡಲಿಲ್ಲ. ಹಿರಿಯರು ಎದ್ದು ಹೋಗಿ ಗಾಡಿಯ ಟ್ಯಾಂಕಿನ ಮೇಲೆ ಕೈಯಿಟ್ಟು ನಿಂತರು. ಕಾಫಿ ಆರಿತು.

ಮುಂದಿನ ಭಾನುವಾರ ಬುಲೆಟ್ ಮಹಾಶಯರು ಜೇಬಿನಿಂದ ಒಂದು ಹಳೆಯ ನಶ್ಯದ ಡಬ್ಬಿ ತೆಗೆದರು. ಒಳಗೆ ಎಣ್ಣೆಕಾಗದದಲ್ಲಿ ಸುತ್ತಿದ ಜಾವಾ ಪಾಯಿಂಟು.

"ನಮ್ಮಣ್ಣನ ಗಾಡಿಯದು. ಮಾರುವಾಗ ಇದೊಂದನ್ನು ಉಳಿಸಿಕೊಂಡಿದ್ದೆ."

"ನಿಮ್ಮ ಮನೆಯಲ್ಲೂ ಜಾವಾ ಇತ್ತೇ?"

"ಯಾರ ಮನೆಯಲ್ಲಿ ಕಳಂಕವಿಲ್ಲ, ಮೇಷ್ಟ್ರೇ?"

ಹಿರಿಯರು ಅರ್ಧ ಗಂಟೆ ಮೌನವಾಗಿ ಕೆಲಸಮಾಡಿ, ಕೈ ಒರೆಸಿಕೊಂಡು ನನ್ನತ್ತ ನೋಡಿದರು. ಮೂರನೆಯ ಒದೆತಕ್ಕೆ ಜಾವಾ ಎಚ್ಚೆತ್ತಿತು. ಎರಡೂ ಕೊಳವೆಗಳಿಂದ ಮೂರು ತಿಂಗಳ ಹೊಗೆ ಒಮ್ಮೆಗೇ ಹೊರಟು ಅಂಗಳವನ್ನು ತುಂಬಿತು.

ಆ ದಿನ ನನ್ನಾಕೆ ಬಟ್ಟೆಗಳನ್ನು ಒಳಗೆ ಒಯ್ದಿರಲಿಲ್ಲ.