ಅದಿರಿಗೆ ಒಡೆಯನಿದ್ದಾನೆ, ಅಪಘಾತಕ್ಕಿಲ್ಲ

ಘಟ್ಟದ ರಸ್ತೆಯಲ್ಲಿ ಭಾರದ ಲಾರಿಯೊಂದು ಯಾರ ಮೇಲಾದರೂ ಹರಿದಾಗ ಪೊಲೀಸರ ಎಫ್‌ಐಆರ್‌ನಲ್ಲಿ ಮೂಡುವ ವಾಕ್ಯ ಸಾಮಾನ್ಯವಾಗಿ ಒಂದೇ: ಚಾಲಕನ ಅತಿವೇಗ ಮತ್ತು ಅಜಾಗರೂಕತೆ. ಆ ವಾಕ್ಯದಲ್ಲಿ ಸುಳ್ಳೇನೂ ಇರಲಿಕ್ಕಿಲ್ಲ. ಆದರೆ ಮಿತಿಗಿಂತ ಹೆಚ್ಚು ಭಾರ ತುಂಬಿಸಿದವರು ಯಾರು, ನಿದ್ದೆಯಿಲ್ಲದೆ ಓಡಿಸುವಂತೆ ಮಾಡಿದವರು ಯಾರು, ಸರಕಿನ ಲಾಭ ಯಾರ ಮನೆ ಸೇರುತ್ತದೆ ಎಂಬ ಪ್ರಶ್ನೆಗಳು ಠಾಣೆಯ ಮೆಟ್ಟಿಲನ್ನೇ ಹತ್ತುವುದಿಲ್ಲ.

ಈ ಶತಮಾನದ ಮೊದಲ ದಶಕವನ್ನು ಕಂಡ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಿದ್ಯಾರ್ಥಿ ಮಿತ್ರರಿಗಾಗಿ ಹೇಳಬೇಕು. ಚೀನಾದ ಉಕ್ಕಿನ ಕುಲುಮೆಗಳ ಹಸಿವಿಗೆ ಅದಿರಿನ ಬೆಲೆ ಏರಿದಾಗ ಸಂಡೂರು, ಹೊಸಪೇಟೆಗಳ ಕೆಂಪು ಮಣ್ಣು ಲಾರಿಯೇರಿ ಯಲ್ಲಾಪುರ, ಅರಬೈಲ್ ಘಟ್ಟದ ದಾರಿಯಾಗಿ ಬೇಲೇಕೇರಿ, ಕಾರವಾರ ಬಂದರುಗಳಿಗೂ, ಶಿರಾಡಿ ಘಟ್ಟವಿಳಿದು ಮಂಗಳೂರಿಗೂ ಹರಿಯಿತು. ರಸ್ತೆಗಳು ಕಿತ್ತುಹೋದವು, ರಸ್ತೆಬದಿಯ ಮರಗಳ ಎಲೆ ಕೆಂಪಾಯಿತು. ಮಿತಿಮೀರಿದ ಭಾರದ ಸಾಗಣೆಯನ್ನು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ 2008ರ ವರದಿಯೂ ದಾಖಲಿಸಿತು. 2010ರಲ್ಲಿ ರಾಜ್ಯ ಸರ್ಕಾರ ರಫ್ತನ್ನು ನಿಷೇಧಿಸಿ, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಹಿಡಿದ ಬಳಿಕ ಲಾರಿಗಳ ಸಾಲು ಕರಗಿತು. ಕದ್ದ ಅದಿರನ್ನು ಟನ್ನುಗಳಲ್ಲಿ ಎಣಿಸಿದರು, ಬೊಕ್ಕಸದ ನಷ್ಟವನ್ನು ಕೋಟಿಗಳಲ್ಲಿ ಎಣಿಸಿದರು. ರಸ್ತೆಯಲ್ಲಿ ಸತ್ತವರು ಮಾತ್ರ ಗಣಿಯ ಲೆಕ್ಕಕ್ಕೆ ಬರಲೇ ಇಲ್ಲ. ಅವರು ಸಾಮಾನ್ಯ ರಸ್ತೆ ಅಪಘಾತಗಳ ಅಂಕಿಸಂಖ್ಯೆಯಲ್ಲಿ ಲೀನವಾದರು. 2022ರಲ್ಲಿ ರಫ್ತಿಗೆ ಸುಪ್ರೀಂ ಕೋರ್ಟ್ ಮತ್ತೆ ಅನುಮತಿ ನೀಡಿರುವುದರಿಂದ ಇದು ಮುಗಿದ ಕಥೆಯೆಂದು ಸುಮ್ಮನಿರುವಂತಿಲ್ಲ. (ಕುದುರೆಮುಖದ ಅದಿರು 2005ರ ಕೊನೆಯವರೆಗೂ ಕೊಳವೆಯೊಳಗೆ ಹರಿದು ಮಂಗಳೂರು ಸೇರುತ್ತಿತ್ತು. ಆ ಗಣಿ ಭದ್ರೆಗೆ ಮಾಡಿದ್ದು ಬೇರೆಯೇ ಮಾತು. ಆದರೆ ಲಾರಿಯೇ ಅನಿವಾರ್ಯವೆಂಬ ವಾದ ಎಷ್ಟು ಟೊಳ್ಳೆಂಬುದಕ್ಕೆ ಅದು ಸಾಕ್ಷಿ.)

ಇದು ನಮ್ಮ ನಾಡಿನ ರೋಗ ಮಾತ್ರವಲ್ಲ. ಅಮೆರಿಕದ ಟೆಕ್ಸಸ್, ನಾರ್ತ್ ಡಕೋಟಗಳಲ್ಲಿ ಬಂಡೆಯೊಡೆದು ತೈಲ ತೆಗೆಯುವ ಒಂದೊಂದು ಬಾವಿಗೂ ನೀರು, ಮರಳು ಹೊತ್ತ ಲಾರಿಗಳು ನೂರಾರು ಬಾರಿ ಹಳ್ಳಿರಸ್ತೆಗಳಲ್ಲಿ ಓಡಾಡುತ್ತವೆ. ಅಲ್ಲಿನ ನಿಯಮದಂತೆ ಲಾರಿ ಚಾಲಕ ಕೆಲಸ ಆರಂಭಿಸಿದ 14 ಗಂಟೆಗಳ ನಂತರ ಗಾಡಿ ಓಡಿಸಬಾರದು. ಆದರೆ ತೈಲಬಾವಿಗೆಂದೇ ನಿರ್ಮಿಸಿದ ಕೆಲವು ವಿಶೇಷ ವಾಹನಗಳ ಚಾಲಕರು ಬಾವಿಯ ಬಳಿ ಕಾದು ಕುಳಿತ ಹೊತ್ತು ಆ ಲೆಕ್ಕಕ್ಕೆ ಸೇರುವುದಿಲ್ಲ. ನಮ್ಮಲ್ಲಿ ಇಂಥ ವಿನಾಯಿತಿಯನ್ನು ಬೇಡುವ ಶ್ರಮವೂ ಉದ್ಯಮಕ್ಕಿಲ್ಲ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆಯ ದುಡಿಮೆ ಎನ್ನುತ್ತಿತ್ತು. ಟ್ರಿಪ್ಪಿಗಿಷ್ಟು ಎಂದು ಕೂಲಿ ನಿಗದಿಯಾದಲ್ಲಿ ಆ ಗಂಟೆಗಳನ್ನು ಎಣಿಸುವವರಾರು?

ಹಾಗಾದರೆ ಮನೆಯವರನ್ನು ಕಳೆದುಕೊಂಡವರಿಗೆ ಇರುವ ದಾರಿ ಯಾವುದು? ಊರಿನಲ್ಲಿ ಮೊದಲು ಕಾಣಿಸುವುದು ರಾಜಿ ಪಂಚಾಯಿತಿಕೆ. ಹೆಣ ಸುಡುವ ಮೊದಲೇ ಲಾರಿ ಮಾಲೀಕನ ಕಡೆಯವರು ಒಂದಿಷ್ಟು ಹಣ ತಂದು ಕಾಗದಕ್ಕೆ ಸಹಿ ಕೇಳುತ್ತಾರೆ. ದಯವಿಟ್ಟು ಸಹಿ ಹಾಕಬೇಡಿ. ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಲು ಅಪಘಾತವಾದ ದೂರದ ಊರಿಗೇ ಹೋಗಬೇಕಾಗಿಲ್ಲ, ನೀವು ವಾಸಿಸುವ ವ್ಯಾಪ್ತಿಯ ನ್ಯಾಯಮಂಡಳಿಯೇ ಸಾಕು. 2022ರ ಏಪ್ರಿಲ್‌ನಿಂದ ಇದಕ್ಕೆ ಆರು ತಿಂಗಳ ಗಡುವು ಬಂದಿದೆ. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಿದ್ದಾರೆ. ಅವರನ್ನು ನಂಬಿ ಕಾಯುವುದಕ್ಕಿಂತ ಗಡುವಿನೊಳಗೆ ಅರ್ಜಿ ಹಾಕುವುದು ಕ್ಷೇಮ. ಚಾಲಕನ ತಪ್ಪನ್ನು ಸಾಬೀತುಪಡಿಸದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ಪಡೆಯುವ ಅವಕಾಶ 164ನೇ ಕಲಮಿನಲ್ಲಿದೆ. ಆದರೆ ಆ ಹಣವನ್ನು ಒಪ್ಪಿಕೊಂಡರೆ 166ನೇ ಕಲಮಿನ ದೊಡ್ಡ ಪರಿಹಾರದ ಬಾಗಿಲು ಮುಚ್ಚುತ್ತದೆ. ದುಡಿಯುವ ವಯಸ್ಸಿನವರು ತೀರಿಕೊಂಡಿದ್ದರೆ ಅವಸರ ಬೇಡ. ಗುದ್ದಿದ ಲಾರಿ ಪತ್ತೆಯಾಗದಿದ್ದರೂ ಸಾವಿಗೆ 2 ಲಕ್ಷ ರೂಪಾಯಿ ಇದೆ.

ಸತ್ತವಳು ಗೃಹಿಣಿ, ಆದಾಯವಿರಲಿಲ್ಲ ಎಂದು ವಿಮಾ ಕಂಪನಿಯ ವಕೀಲರು ವಾದಿಸುವುದುಂಟು. ಕೊಟ್ಟಿಗೆಯಿಂದ ತೋಟದವರೆಗೆ ಮಲೆನಾಡಿನ ಹೆಂಗಸರ ದುಡಿಮೆಯನ್ನು ಬಲ್ಲವರಿಗೆ ಇದು ಅವಮಾನದ ಮಾತು. ಗೃಹಿಣಿಯ ದುಡಿಮೆಗೂ ಆದಾಯ ಕಟ್ಟಲೇಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟವಾಗಿ ಹೇಳಿದೆ. ಇನ್ನು ಸರಕಿನ ಜೊತೆ ಲಾರಿಯಲ್ಲಿ ಪಯಣಿಸುವವರ ಪಾಡು. 2025ರ ಜನವರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು ತರಕಾರಿ ಲಾರಿ ಯಲ್ಲಾಪುರದ ಬಳಿ ಕಂದಕಕ್ಕೆ ಉರುಳಿ 10 ಮಂದಿ ಸತ್ತರು. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿ ಕುಳಿತವರಿಗೆ ವಿಮೆಯ ರಕ್ಷಣೆಯಿಲ್ಲ. ಆದರೆ ತನ್ನ ಸರಕಿನ ಜೊತೆ ಹೋಗುವ ಒಡೆಯನಿಗೆ 1994ರ ತಿದ್ದುಪಡಿಯಿಂದ ರಕ್ಷಣೆಯುಂಟು. ಮಂಡಿಯ ಚೀಟಿಯೊಂದು ಮನೆಯಲ್ಲಿ ಉಳಿದಿದ್ದರೂ ಅದೇ ಆಧಾರವಾದೀತು.

ಇಷ್ಟಾದರೂ ಗಣಿಯ ಒಡೆಯ ಹೊರಗೇ ಉಳಿದ. ಅನಿಲ ಟ್ಯಾಂಕರಿನ ವಿಷಯದಲ್ಲಿ ಕಾನೂನು ಹೀಗಿಲ್ಲ ಎಂಬುದನ್ನು ಗಮನಿಸಬೇಕು. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಟ್ಯಾಂಕರ್ ಉರುಳಿ ಮನೆಗಳೇ ಉರಿದವು. ಇಂಥ ಅಪಾಯಕಾರಿ ವಸ್ತುಗಳಿಗಾಗಿ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯಿದೆ. ಅದರಡಿ ವಸ್ತುವಿನ ಮೇಲೆ ಹಿಡಿತವುಳ್ಳವನೇ ಹೊಣೆ, ತಪ್ಪನ್ನು ತೋರಿಸಬೇಕಾಗಿಲ್ಲ, ಜಿಲ್ಲಾಧಿಕಾರಿಗೆ ಐದು ವರ್ಷಗಳೊಳಗೆ ಅರ್ಜಿ ಕೊಡಬಹುದು. ಅನಿಲದ ಒಡೆಯನನ್ನು ಮುಟ್ಟಬಲ್ಲ ಕಾನೂನು ಅದಿರಿನ, ಜಲ್ಲಿಯ, ಮರಳಿನ ಒಡೆಯನನ್ನು ಏಕೆ ಮುಟ್ಟಬಾರದು? ಗಣಿ ಗುತ್ತಿಗೆಯ ಷರತ್ತಿನಲ್ಲೇ ಸಾಗಣೆಯ ಸಾವುನೋವಿನ ಹೊಣೆಯನ್ನು ಬರೆಸಬೇಕೆಂಬುದು ನಮ್ಮ ಒತ್ತಾಯ.

ಅಲ್ಲಿಯವರೆಗೆ ಇರುವ ಕಾನೂನನ್ನೇ ಹಿಂಡಬೇಕು. ಅಧಿಕ ಭಾರದ ಗಾಡಿಯನ್ನು ಓಡಿಸುವವನಷ್ಟೇ ಅಲ್ಲ, ಓಡಿಸಲು ಕಾರಣನಾದವನೂ ಅಪರಾಧಿ ಎಂದು ಮೋಟಾರು ವಾಹನ ಕಾಯ್ದೆಯ 113 ಮತ್ತು 194ನೇ ಕಲಮುಗಳು ಹೇಳುತ್ತವೆ. ಆದ್ದರಿಂದ ಮಹಜರಿನಲ್ಲಿ ಸರಕಿನ ತೂಕ ದಾಖಲಾಗುವಂತೆ ಊರವರು ನಿಂತು ನೋಡಿಕೊಳ್ಳಬೇಕು. ಖನಿಜ ಸಾಗಣೆಯ ಪರವಾನಗಿ ಚೀಟಿಯ ಪ್ರತಿಯನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಯಿಂದ ಮಾಹಿತಿ ಹಕ್ಕಿನಡಿ ಕೇಳಬೇಕು. ವಕೀಲರ ಶುಲ್ಕಕ್ಕೆ ಹೆದರಬೇಕಾಗಿಲ್ಲ: ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯವೆಷ್ಟೇ ಇರಲಿ, ಉಳಿದ ಬಡವರಿಗೆ ಆದಾಯದ ಮಿತಿಯೊಳಗೆ, ತಾಲ್ಲೂಕು ಕಾನೂನು ಸೇವಾ ಸಮಿತಿ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ಅದರ ಕಚೇರಿ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ.