ನಾಲ್ಕು ಮೀಟರಿನೊಳಗಿನ ಹುರುಪು

ಕನ್ನಡ ಪಾಠ ಹೇಳುವವನು ಮೋಟಾರುಗಳ ಮಾತನ್ನೇಕೆ ಎತ್ತಿಕೊಂಡ ಎಂದು ಓದುಗರು ಹುಬ್ಬೇರಿಸಬಹುದು. ಏರಿಸಲಿ. ನನ್ನ ತರಗತಿಯ ಹಿಂದಿನ ಬೆಂಚುಗಳಲ್ಲಿ ಪಂಪನಿಗಿಂತ ಹೆಚ್ಚಿನ ಶ್ರದ್ಧೆಯಿಂದ ಚರ್ಚೆಗೆ ಬರುವ ವಿಷಯವಿದು. ಹತ್ತು ಲಕ್ಷದ ಆಸುಪಾಸಿನಲ್ಲಿ, ಓಡಿಸುವವನ ಮನಸ್ಸನ್ನು ಅರಳಿಸುವ ಸಣ್ಣ ಕಾರು ಯಾವುದು? ಗೋಕಾಕ, ಮೂಡಲಗಿ, ಹುಕ್ಕೇರಿಗಳ ತರುಣರು ಈ ಪ್ರಶ್ನೆಯನ್ನು ಕೇಳುವ ಆಸ್ಥೆಯನ್ನು ಕಂಡಾಗ, ಅದಕ್ಕೆ ಉತ್ತರ ಹೇಳದೆ ಜಾರಿಕೊಳ್ಳುವುದು ಉಪಾಧ್ಯಾಯನಿಗೆ ತಕ್ಕುದಲ್ಲವೆಂದು ತೋರಿತು.

ನಮ್ಮ ದೇಶದ ಸಣ್ಣ ಕಾರಿಗೂ ಒಂದು ಛಂದಸ್ಸುಂಟು. ಉದ್ದ ನಾಲ್ಕು ಮೀಟರನ್ನು ಮೀರಕೂಡದು. ಪೆಟ್ರೋಲ್ ಎಂಜಿನು 1200 ಸಿ.ಸಿ.ಯನ್ನು ದಾಟಕೂಡದು. ಈ ಕಟ್ಟಿನೊಳಗಿದ್ದರೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ನೂರಕ್ಕೆ 18, ಹೊರಬಿದ್ದರೆ 40. ಕಂದಪದ್ಯದ ಕವಿ ಅರುವತ್ತನಾಲ್ಕು ಮಾತ್ರೆಗಳಲ್ಲಿ ಲೋಕವನ್ನೇ ಹಿಡಿದಿಟ್ಟಂತೆ, ನಮ್ಮ ಎಂಜಿನಿಯರುಗಳು ಈ ಇಕ್ಕಟ್ಟಿನಲ್ಲಿಯೇ ಹುರುಪನ್ನು ತುಂಬಬೇಕಾಗಿದೆ. ಇಕ್ಕಟ್ಟು ಕಲೆಗೆ ಶತ್ರುವಲ್ಲ. 1959ರಲ್ಲಿ ಅಲೆಕ್ ಇಸಿಗೋನಿಸ್ ರೂಪಿಸಿದ ಮಿನಿ ಕಾರು ಮೂರು ಮೀಟರಿಗಿಂತ ತುಸುವೇ ಉದ್ದವಾಗಿತ್ತು. ಪೆಟ್ರೋಲಿನ ಅಭಾವದ ಕಾಲದಲ್ಲಿ ಉಳಿತಾಯಕ್ಕೆಂದು ಹುಟ್ಟಿದ ಈ ಬಡವರ ಬಂಡಿ 1964ರಲ್ಲಿ ಮಾಂಟೆ ಕಾರ್ಲೋ ರ್‍ಯಾಲಿಯನ್ನೇ ಗೆದ್ದಿತು. ಅದರ ಗುಟ್ಟು ಬಲದಲ್ಲಿರಲಿಲ್ಲ, ಹಗುರತನದಲ್ಲಿತ್ತು.

ಆ ಹಗುರತನ ನಮ್ಮಲ್ಲಿ ಬಂದು ನೆಲೆಸಿದ್ದು ಸ್ವಿಫ್ಟಿನಲ್ಲಿ. 2005ರಲ್ಲಿ ಬಂದ ಈ ಕಾರು ಇಂದಿಗೂ ಒಂದು ಟನ್ನಿನೊಳಗೇ ತೂಗುತ್ತದೆ. ಸ್ಟಿಯರಿಂಗನ್ನು ಚೂರು ತಿರುವಿದರೆ ಮೈಯೆಲ್ಲ ತಿರುಗುತ್ತದೆ. 2024ರ ನಾಲ್ಕನೆಯ ಅವತಾರದಲ್ಲಿ ಮಾತ್ರ ನಾಲ್ಕು ಸಿಲಿಂಡರಿನ ಎಂಜಿನು ಹೋಗಿ ಮೂರರದು ಬಂದಿತು. ಅಶ್ವಶಕ್ತಿ 90ರಿಂದ 82ಕ್ಕೆ ಇಳಿದು ಮೈಲೇಜು ಏರಿತು. ಸಂಸಾರಿಗೆ ಇದು ಲಾಭವೇ. ರಸಿಕನಿಗಾದರೋ ಹಳೆಯ ಎಂಜಿನಿನ ನುಣುಪು ನೆನಪಾಗದೆ ಇರದು.

ಐ20 ಎನ್ ಲೈನಿನ ರೀತಿಯೇ ಬೇರೆ. ಒಂದು ಲೀಟರಿನ ಟರ್ಬೊ ಎಂಜಿನು, 120 ಅಶ್ವಶಕ್ತಿ, ನಾಲ್ಕು ಗಾಲಿಗಳಿಗೂ ಡಿಸ್ಕ್ ಬ್ರೇಕು. 2021ರಲ್ಲಿ ಅದು ಬಂದಾಗ ಕ್ಲಚ್ಚಿನ ಪೆಡಲನ್ನೇ ಕಿತ್ತುಹಾಕಿದ್ದರು. ಓಡಿಸುವ ಸುಖಕ್ಕೆಂದೇ ಮಾಡಿದ ಕಾರಿನಲ್ಲಿ ಎಡಗಾಲಿಗೆ ಕೆಲಸವಿಲ್ಲವೆಂದರೆ, ಯತಿಯಿಲ್ಲದ ಪದ್ಯವನ್ನು ಓದಿದಂತೆ! 2023ರಲ್ಲಿ ಆರು ಗೇರಿನ ನಿಜವಾದ ಮ್ಯಾನುಯಲ್ ಬಂದು ಆ ಕೊರತೆ ನೀಗಿತು. 2024ರ ಜೂನಿನಲ್ಲಿ ಬಂದ ಆಲ್ಟ್ರೋಜ್ ರೇಸರಿಗೂ 120 ಅಶ್ವಶಕ್ತಿಯೇ. ಆರಂಭದ ಬೆಲೆ ಅಂದು 9.49 ಲಕ್ಷ. ಅದೇ ವರ್ಷ ಸ್ವಿಫ್ಟ್ 6.49 ಲಕ್ಷದಿಂದ ಆರಂಭವಾಗಿತ್ತು. ನಡುವಿನ ಮೂರು ಲಕ್ಷ ನಮ್ಮ ಕಡೆಯ ರೈತಕುಟುಂಬಕ್ಕೆ ಸಣ್ಣ ಮಾತಲ್ಲ. ಇನ್ನು, 2022ರಲ್ಲಿ ತಯಾರಿಕೆ ನಿಂತುಹೋದ ಪೋಲೋ ಕಾರಿನ ಹೆಸರೆತ್ತಿದರೆ ಈಗಲೂ ನಿಟ್ಟುಸಿರು ಬಿಡುವವರಿದ್ದಾರೆ. ಅವರನ್ನು ಅವರ ವಿರಹಕ್ಕೆ ಬಿಡೋಣ.

ಅಂಕಿಗಳಿಂದ ತೀರ್ಪು ಹೇಳುವುದು ಸುಲಭ. ಆದರೆ ಕಾರು ಓಡುವುದು ಅಂಕಿಗಳ ಮೇಲಲ್ಲ, ರಸ್ತೆಯ ಮೇಲೆ. ಗೋಕಾಕದಿಂದ ಜಲಪಾತದತ್ತ ಗುಡ್ಡವನ್ನು ಬಳಸಿ ಏರುವ ಆರು ಕಿಲೋಮೀಟರಿನ ದಾರಿಯನ್ನು ನೋಡಿರಿ. ಅಲ್ಲಿ 120 ಅಶ್ವಗಳಿಗೆ ಬಿಚ್ಚಿ ಓಡಲು ಎಡೆಯೆಲ್ಲಿ? ಎರಡನೆಯ ಗೇರಿನಿಂದ ಮೂರನೆಯದಕ್ಕೆ, ಮತ್ತೆ ಎರಡಕ್ಕೆ, ಇಷ್ಟೇ ಅಲ್ಲಿನ ಲಯ. ಆ ಲಯದಲ್ಲಿ ಹಗುರಾದ ಸ್ವಿಫ್ಟು ತನಗಿಂತ ಬಲಶಾಲಿಯಾದವರನ್ನು ನಾಚಿಸುತ್ತದೆ. ಸಂಕೇಶ್ವರದ ಬಳಿ ಹೆದ್ದಾರಿ ಸೇರಿ ತವಂದಿ ಘಾಟಿನತ್ತ ಹೊರಟಾಗ ಮಾತ್ರ ಟರ್ಬೊದ ಬೆಲೆ ತಿಳಿಯುತ್ತದೆ. ಲಾರಿಯನ್ನು ಹಿಂದಿಕ್ಕುವ ಹೊತ್ತು ಅರ್ಧಕ್ಕೆ ಇಳಿದಂತೆನಿಸುತ್ತದೆ.

ಮೂಡಲಗಿಯ ಕಡೆಯ ರಸ್ತೆ ನೇರ. ಎರಡೂ ಬದಿಗೆ ಎರೆಭೂಮಿ, ಕಬ್ಬು. ತರುಣರು ಕಾಲು ಒತ್ತುವುದು ಇಲ್ಲಿಯೇ. ಕಬ್ಬು ನುರಿಸುವ ಹಂಗಾಮಿನಲ್ಲಿ, ಕತ್ತಲಾದ ಮೇಲೆ, ಎರಡೆರಡು ಟ್ರೇಲರುಗಳನ್ನು ಎಳೆದುಕೊಂಡು ಟ್ರ್ಯಾಕ್ಟರುಗಳು ಹೊರಟಿರುತ್ತವೆ. ಅನೇಕಕ್ಕೆ ಹಿಂದೆ ಕೆಂಪು ದೀಪವಿಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಮುಂದಿನ ಕತ್ತಲು ಕಬ್ಬಿನ ಹೇರಾಗಿ ಬದಲಾಗುವುದು ಒಂದೇ ಕ್ಷಣದಲ್ಲಿ. ಆ ಕ್ಷಣದಲ್ಲಿ ಬೇಕಾದದ್ದು ಅಶ್ವಶಕ್ತಿಯಲ್ಲ. ಬ್ರೇಕು, ಅದೂ ಸೋತರೆ ಗಟ್ಟಿಯಾದ ಒಡಲು.

ಇಲ್ಲಿಯೇ ನನ್ನ ಮೆಚ್ಚುಗೆಯ ಕಾರು ನನ್ನನ್ನು ಇಬ್ಬಂದಿಗೆ ಸಿಲುಕಿಸುವುದು. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ 2022ರಲ್ಲಿ ಅಂದಿನ ಸ್ವಿಫ್ಟಿಗೆ ದೊರೆತದ್ದು ಒಂದೇ ನಕ್ಷತ್ರ. ಅದೇ ವರ್ಷ ಐ20ಗೆ ಮೂರು. ಆಲ್ಟ್ರೋಜ್ 2020ರಲ್ಲಿಯೇ ಐದನ್ನೂ ಪಡೆದಿತ್ತು. 2024ರ ಸ್ವಿಫ್ಟಿನ ಎಲ್ಲ ಮಾದರಿಗಳಿಗೂ ಆರು ಏರ್‌ಬ್ಯಾಗುಗಳು ಬಂದದ್ದು ನಿಜ, ಸಂತೋಷದ ಮಾತೂ ಹೌದು. ಆದರೆ ಹಿಂದಿನ ಬೆಂಚಿನವರು ಕೊಳ್ಳಲು ಹೊರಡುವುದು ಹೆಚ್ಚಾಗಿ ಹೊಸದನ್ನಲ್ಲ. ಬೆಳಗಾವಿಯಲ್ಲೋ ಕೊಲ್ಹಾಪುರದಲ್ಲೋ ಸಿಗುವ, ಒಂದಿಬ್ಬರ ಕೈ ದಾಟಿ ಬಂದ ಹಳೆಯದನ್ನು.

ಆದುದರಿಂದ ಕೇಳಿದವರಿಗೆ ನಾನು ಹೇಳುವುದಿಷ್ಟು: ರುಚಿಯನ್ನೇ ಕೇಳಿದರೆ ಸ್ವಿಫ್ಟ್, ಕೆಲಸ ಮುಗಿಸಿ ದಿನವೂ ರಾತ್ರಿ ಮೂಡಲಗಿಯ ದಾರಿ ಹಿಡಿಯುವವನಾದರೆ ಆಲ್ಟ್ರೋಜ್, ಟರ್ಬೊ ಇಲ್ಲದ ಸಾಮಾನ್ಯವಾದದ್ದಾದರೂ ಸರಿಯೆ. ಹಣವಿದ್ದು, ಹೆದ್ದಾರಿಯ ಓಡಾಟವೇ ಹೆಚ್ಚಾಗಿದ್ದರೆ ಎನ್ ಲೈನ್, ಆದರೆ ಮ್ಯಾನುಯಲ್ ಗೇರಿನದು. ಯಾವುದನ್ನು ಕೊಂಡರೂ ಬಣ್ಣದ ಪಟ್ಟಿಗೂ ಗುಡುಗುವ ಸೈಲೆನ್ಸರಿಗೂ ಎತ್ತಿಟ್ಟ ಹಣವನ್ನು ಮೊದಲು ಒಳ್ಳೆಯ ಟೈರುಗಳಿಗೆ ಸುರಿಯಲಿ. ಉಳಿದದ್ದರಲ್ಲಿ ಹೊಳೆಯುವ ಪಟ್ಟಿಯ ಒಂದು ಸುರುಳಿಯನ್ನು ಕೊಂಡು ತಂದು, ಹಂಗಾಮು ತೊಡಗುವ ಮುನ್ನ ತಮ್ಮ ಮನೆಯ ಟ್ರೇಲರಿನ ಹಿಂಬದಿಗೆ ಅಂಟಿಸಲಿ.