ಎದೆಯ ತಾಳ ತಪ್ಪಿದರೆ

ಕಡತಗಳ ನಡುವೆ ದಿನ ಕಳೆಯುವ ನಮ್ಮಂಥ ಗುಮಾಸ್ತರಿಗೆ ಹೃದಯದ ವಿಚಾರ ಬರೆಯುವ ಅಧಿಕಾರವೆಲ್ಲಿಯದೆಂದು ವಾಚಕರು ಕೇಳಬಹುದು. ಚಿಕಿತ್ಸೆ ವೈದ್ಯರ ಕೆಲಸ, ನಿಜ. ಆದರೆ ಎದೆಬಡಿತ ನಿಂತು ಬಿದ್ದವನ ಪಕ್ಕದಲ್ಲಿ ಮೊದಲ ಐದು ನಿಮಿಷ ಇರುವವರು ವೈದ್ಯರಲ್ಲ. ಮನೆಯವರು, ನೆರೆಯವರು, ಕಚೇರಿಯ ಸಂಗಡಿಗರು.

2021ರ ಜೂನ್ 12ರಂದು ಕೋಪನ್‌ಹೇಗನ್ನಿನ ಫುಟ್‌ಬಾಲ್ ಪಂದ್ಯದಲ್ಲಿ ಡೆನ್ಮಾರ್ಕಿನ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್, 29 ವರ್ಷದ ಕಟ್ಟುಮಸ್ತಾದ ಆಳು, ಯಾರೂ ತಾಕದೆಯೇ ನೆಲಕ್ಕುರುಳಿದರು. ಹೃದಯ ನಿಂತಿತ್ತು. ಮೈದಾನದಲ್ಲಿಯೇ ಎದೆ ಒತ್ತಿ, ವಿದ್ಯುತ್ತಿನ ಆಘಾತ ಕೊಟ್ಟರು. ಹೋದ ಜೀವ ಮರಳಿತು. ಎದೆಯೊಳಗೆ ಪುಟ್ಟ ಯಂತ್ರವೊಂದನ್ನು ಹುದುಗಿಸಿಕೊಂಡು ಅವರು 2022ರಲ್ಲಿ ಮತ್ತೆ ಆಟಕ್ಕಿಳಿದರು. ಅದೇ 2021ರ ಅಕ್ಟೋಬರ್ 29ರಂದು 46 ವರ್ಷದ ಪುನೀತ್ ರಾಜ್‌ಕುಮಾರ್ ಹಠಾತ್ತನೆ ನಮ್ಮನ್ನಗಲಿದ್ದನ್ನು ಯಾವ ಕನ್ನಡ ಮನೆ ಮರೆತೀತು?

ಹೃದಯಾಘಾತವೇ ಬೇರೆ, ಹೃದಯಸ್ತಂಭನವೇ ಬೇರೆ. ಮೊದಲನೆಯದರಲ್ಲಿ ರಕ್ತನಾಳ ಕಟ್ಟುತ್ತದೆ. ಎರಡನೆಯದರಲ್ಲಿ ಹೃದಯ ರಕ್ತವನ್ನು ದೂಡುವುದೇ ನಿಲ್ಲುತ್ತದೆ. ಮೊದಲನೆಯದು ಎರಡನೆಯದಕ್ಕೆ ದಾರಿ ಮಾಡಿಕೊಡುವುದೂ ಉಂಟು. ಹೃದಯಕ್ಕೆ ತನ್ನದೇ ಆದ ವಿದ್ಯುತ್ ವ್ಯವಸ್ಥೆಯಿದೆ. ಸುಮ್ಮನೆ ಕುಳಿತಾಗ ನಿಮಿಷಕ್ಕೆ 60ರಿಂದ 100 ಬಡಿತ ಅದರ ತಾಳ. ಒಮ್ಮೊಮ್ಮೆ ಎದೆ ಡವಗುಟ್ಟಿದರೆ ಗಾಬರಿ ಬೇಡ. ಆದರೆ ಕೆಳಗಿನ ಕೋಣೆಗಳು ಬಡಿಯುವುದನ್ನು ಬಿಟ್ಟು ಬರಿದೇ ಅದುರತೊಡಗಿದರೆ ಮಿದುಳಿಗೆ ರಕ್ತ ಮುಟ್ಟದು. ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ.

ಬಿದ್ದವನು ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಒಬ್ಬರು 112ಕ್ಕೆ ಫೋನು ಮಾಡಲಿ. ಇನ್ನೊಬ್ಬರು ಎದೆಯ ನಡುವೆ ಅಂಗೈಯ ಮೇಲೆ ಅಂಗೈಯಿಟ್ಟು, ಐದು ಸೆಂಟಿಮೀಟರಿನಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಲಿ. ನೀರು ಚಿಮುಕಿಸುತ್ತ, ಈರುಳ್ಳಿ ಮೂಸಿಸುತ್ತ ಕಳೆದ ಒಂದೊಂದು ನಿಮಿಷವೂ ಜೀವಕ್ಕೆ ಎರವು.

ಊರು ಬಿಟ್ಟು ಬಂದ ನಮಗೆ ಇನ್ನೊಂದು ಮಾತಿದೆ. ಇಂಥ ತಾಳದೋಷಗಳಲ್ಲಿ ಕೆಲವು ವಂಶದಲ್ಲಿ ಹರಿದುಬರುತ್ತವೆ. "ನಮ್ಮ ಚಿಕ್ಕಪ್ಪ ಹರೆಯದಲ್ಲೇ ನಿಂತ ಹಾಗೆ ಹೋಗಿಬಿಟ್ಟ" ಎಂಬ ಕತೆ ಊರಿನ ಜಗಲಿಯಲ್ಲಿ ಎಲ್ಲರಿಗೂ ಗೊತ್ತು. ಮುಂಬಯಿಯಲ್ಲೋ ದಿಲ್ಲಿಯಲ್ಲೋ ಹುಟ್ಟಿದ ನಮ್ಮ ಮಕ್ಕಳಿಗೆ ಹೇಳುವವರು ಯಾರು? ಈ ಬಾರಿ ಊರಿಗೆ ಹೋದಾಗ ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕೇಳಿ ಬರೆದಿಟ್ಟುಕೊಳ್ಳಿ. ಮನೆತನದಲ್ಲಿ ಅಂಥ ಸಾವಿದ್ದರೆ, ಅಥವಾ ಮಗು ಓಡುವಾಗ, ಈಜುವಾಗ ಮೂರ್ಛೆ ಹೋದರೆ, "ಪಿತ್ತ" ಎಂದು ಶರಬತ್ತು ಕುಡಿಸಿ ಸುಮ್ಮನಾಗದೆ ಹೃದಯತಜ್ಞರಲ್ಲಿಗೆ ಕರೆದೊಯ್ದು ಇ.ಸಿ.ಜಿ. ಮಾಡಿಸಿ.

ರಾಜ್ಯೋತ್ಸವಕ್ಕೆ ಸಂಘದಲ್ಲಿ ಹೇಗೂ ಕೂಡುತ್ತೇವೆ. ಭಾಷಣಗಳಲ್ಲಿ ಒಂದನ್ನು ಕಡಿಮೆ ಮಾಡಿ, ಆ ಅರ್ಧ ಗಂಟೆಯಲ್ಲಿ ಎದೆ ಒತ್ತುವ ವಿದ್ಯೆಯನ್ನು ಬಲ್ಲವರಿಂದ ಕಲಿತರೆ ಕನ್ನಡಮ್ಮ ಮುನಿಯಲಾರಳು.